ಯಾವ ನಂಬರಿಗೆ ಕಳಿಸೋಣ?

ಆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎಂದೇ ಕರೆಯುತ್ತಿದ್ದರು. ಯಾರಾದರೂ ಅಪ್ಪಿತಪ್ಪಿ ಹೆಸರು ಹಿಡಿದು ಕರೆದರೆ ಅವಳೇ ಒಂದು ಗಳಿಗೆ ಯೋಚಿಸಿ ತಿರುಗಿ ನೋಡುತ್ತಿದ್ದಳು. ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಯೇ ಒಳಹೋಗಬೇಕಾದ ಒಂದು ಕಿರುಕೋಣೆ. ಅದರಲ್ಲಿ ಟೆಲಿಫೋನ್ ಬೋರ್ಡು, ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುವ ಫ್ಯಾನು. ಅರ್ಧ ಆಯಸ್ಸು ಅಲ್ಲೇ ಕಳೆದಿತ್ತು. ತಂದೆ ಬೇಗ ಹೋದದ್ದರಿಂದ ತಮ್ಮಂದಿರಿಬ್ಬರನ್ನು ದಡ ಸೇರಿಸುವ ಹೊಣೆ ಅವಳ ಮೇಲೆ ಬಿದ್ದಿತು. ಅವರು ದಡ ಸೇರುವ ಹೊತ್ತಿಗೆ ಅವಳ ಮದುವೆಯ ಮಾತೆತ್ತುವವರೇ ಇರಲಿಲ್ಲ. ಈಗ ಕಿರಿಯ ತಮ್ಮನ ಮನೆಯ ಮುಂದಿನ ಕೋಣೆ ಅವಳದು.

ಹೊರಗಿನಿಂದ ಬರುವ ಕರೆಗಳನ್ನು ವಾರ್ಡುಗಳಿಗೆ ಸೇರಿಸುವುದು ಅವಳ ಕೆಲಸ. ಅದರ ಜೊತೆಗೆ ಸಿಬ್ಬಂದಿಯನ್ನು ಕರೆಸುವುದೂ ಅವಳದೇ. ನರ್ಸ್ ಒಬ್ಬಳು ಹುಷಾರಿಲ್ಲದೆ ಮಲಗಿದರೆ ಬದಲಿಗೆ ಬರುವವಳನ್ನು ಹುಡುಕಬೇಕು, ಪಾಳಿ ಬದಲಾದರೆ ಮನೆಮನೆಗೆ ತಿಳಿಸಬೇಕು. ಆಸ್ಪತ್ರೆಯಿಂದ ಫೋನ್ ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಅವಳ ಮೊದಲ ಮಾತು ಯಾವಾಗಲೂ “ಗಾಬರಿ ಆಗಬೇಡಿ, ಡ್ಯೂಟಿ ವಿಷಯ” ಎಂದಿರುತ್ತಿತ್ತು. ಅತ್ತೆ ಫೋನ್ ಎತ್ತಿದರೆ ಮೊದಲು ಅತ್ತೆಯ ಮಂಡಿನೋವು ವಿಚಾರಿಸಿ, ಆಮೇಲೆ ಸೊಸೆಯನ್ನು ಕರೆಸುತ್ತಿದ್ದಳು. ಫೋನಕ್ಕ ಕರೆದರೆ ರಜೆಯಲ್ಲಿರುವವನೂ ಬೈದುಕೊಂಡಾದರೂ ಬಂದೇ ಬರುತ್ತಾನೆ ಎಂದು ಆಂಬುಲೆನ್ಸ್ ಡ್ರೈವರ್ ತಮಾಷೆ ಮಾಡುತ್ತಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿದ್ದ ಆ ಮನುಷ್ಯನನ್ನು ಎಲ್ಲರೂ ಮಾವ ಎನ್ನುತ್ತಿದ್ದರು.

ಹೊಸ ಮ್ಯಾನೇಜರ್ ಬಂದ ಮೇಲೆ ಈ ಕರೆಗಳನ್ನೆಲ್ಲ ನಿಲ್ಲಿಸಿ ಮೊಬೈಲಿಗೆ ಮೆಸೇಜ್ ಕಳಿಸುವುದೆಂದು ತೀರ್ಮಾನವಾಯಿತು. ಒಂದು ಗುಂಡಿ ಒತ್ತಿದರೆ ಇಡೀ ವಿಭಾಗಕ್ಕೆ ಸುದ್ದಿ ಮುಟ್ಟುತ್ತದೆ. ಆದರೆ ಆಸ್ಪತ್ರೆಯ ವಕೀಲರು ಒಂದು ಮಾತು ಹೇಳಿದ್ದರು: ಸ್ವಂತ ಫೋನಿಗೆ ಕೆಲಸದ ಮೆಸೇಜ್ ಕಳಿಸಬೇಕಾದರೆ ಪ್ರತಿಯೊಬ್ಬರೂ ಮನಸ್ಸಾರೆ ಒಪ್ಪಿರಬೇಕು; ಬೇಡ ಎಂದವರನ್ನು ಬಲವಂತ ಮಾಡುವಂತಿಲ್ಲ. ಆ ಒಪ್ಪಿಗೆ ಪಡೆದುಕೊಂಡು ಬರುವ ಕೆಲಸವನ್ನು ಮ್ಯಾನೇಜರ್ ಫೋನಕ್ಕನಿಗೇ ವಹಿಸಿದರು. ನಿಮ್ಮ ಮಾತನ್ನು ಎಲ್ಲರೂ ಕೇಳುತ್ತಾರೆ ಎಂದರು. ಅವರು ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಅವಸರ.

ಆ ಸಂಜೆ ಮನೆಯಲ್ಲಿ ತಮ್ಮನ ಹೆಂಡತಿ ಕೇಳಿದಳು, “ಅಲ್ಲ ಅಕ್ಕ, ಆ ಮೆಸೇಜ್ ಬಂದರೆ ನಿಮ್ಮ ಕೆಲಸವೇ ಹೋಗುತ್ತೆ. ನೀವೇ ತಲೆ ಮೇಲೆ ಚಪ್ಪಡಿ ಎಳ್ಕೊಳ್ಳೋದಾ?”

ಅದು ಫೋನಕ್ಕನಿಗೂ ಹೊಳೆಯದೆ ಇರಲಿಲ್ಲ. ಬೇರೆ ಯಾರಾದರೂ ಹೋದರೆ ಸಂಬಳದ ಚೀಟಿಯ ಜೊತೆ ಇದನ್ನೂ ಸೇರಿಸಿ ಸಹಿ ಹಾಕಿಸಿಕೊಂಡು ಬಂದುಬಿಡುತ್ತಾರೆ, ಕೇಳುವುದಾದರೆ ನೆಟ್ಟಗೆ ಕೇಳಬೇಕು ಎಂದಷ್ಟೇ ಹೇಳಿ ತಟ್ಟೆ ತೊಳೆಯಲು ಎದ್ದಳು.

ಮರುದಿನದಿಂದ ವಿಭಾಗ ವಿಭಾಗಕ್ಕೆ ಹೋದಳು. ಹೆಚ್ಚಿನವರು ಕೇಳಿಸಿಕೊಳ್ಳದೆಯೇ ಪೆನ್ನಿಗೆ ಕೈ ಚಾಚುತ್ತಿದ್ದರು. ಅವಳು ಪೆನ್ನು ಹಿಂದಕ್ಕೆಳೆದುಕೊಂಡು, ಮೊದಲು ಕೇಳಿ ಎನ್ನುತ್ತಿದ್ದಳು. ಪಾಳಿಯ ಬದಲಾವಣೆ, ಮೀಟಿಂಗು, ತುರ್ತು ಕರೆ, ಇಷ್ಟೇ ಬರುತ್ತದೆ. ಬೇಡವೆನಿಸಿದ ದಿನ ನಿಲ್ಲಿಸಬಹುದು. ಈಗಲೇ ಬೇಡ ಎಂದರೂ ಯಾರೂ ಏನೂ ಅನ್ನುವುದಿಲ್ಲ. ಅಡುಗೆಮನೆಯ ದಪ್ಪನೆಯ ಬಾಣಸಿಗ ಸೌಟು ಹಿಡಿದುಕೊಂಡೇ ಎಲ್ಲ ಕೇಳಿ, ರಜೆ ಕೊಟ್ಟೆವು ಎನ್ನುವ ಮೆಸೇಜೂ ಬರುತ್ತದೆಯೋ ಎಂದು ವಿಚಾರಿಸಿದ. ಕಸ ಗುಡಿಸುವ ಮುದುಕಿಗೆ ಓದು ಬಾರದು. ನೀನೇ ಕರಿ ತಾಯಿ, ನಿನ್ನ ದನಿ ಸಾಕು ಎಂದಳು. ಅವಳ ಹೆಸರಿನ ಮುಂದೆ ‘ಕರೆ ಮಾಡಬೇಕು’ ಎಂದು ಫೋನಕ್ಕ ಬರೆದುಕೊಂಡಳು.

ಕೊನೆಗೆ ಉಳಿದದ್ದು ನೆಲಮಾಳಿಗೆಯ ಬಟ್ಟೆ ವಿಭಾಗ. ಒಗೆಯುವ ಯಂತ್ರಗಳ ಗದ್ದಲ, ಇಸ್ತ್ರಿಯ ಹಬೆ, ಸೋಪಿನ ಘಾಟು. ಅಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿ ಇನ್ನೂ ವರ್ಷವೂ ತುಂಬದ ಒಬ್ಬ ಹೆಂಗಸಿದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳ ಜೊತೆಯವಳು ಆ ದಿನ ಬಂದಿರಲಿಲ್ಲ. ಉದ್ದನೆಯ ಹಾಸುಬಟ್ಟೆಗಳನ್ನು ಒಬ್ಬಳೇ ಮಡಿಸಲು ಒದ್ದಾಡುತ್ತಿದ್ದುದನ್ನು ಕಂಡು ಫೋನಕ್ಕ ಕಾಗದಗಳನ್ನು ಬದಿಗಿಟ್ಟು ಇನ್ನೊಂದು ತುದಿ ಹಿಡಿದಳು. ಮಡಿಸುತ್ತಲೇ ವಿಷಯ ಹೇಳಿದಳು.

“ನನಗೆ ಬೇಡ ಅಕ್ಕ” ಎಂದಳು ಇಸ್ತ್ರಿಯವಳು.

ಆಗಲಿ ಎಂದು ಫೋನಕ್ಕ ಮಡಿಸುವುದನ್ನು ಮುಂದುವರಿಸಿದಳು. ಬಟ್ಟೆ ಅರ್ಧವಾಗಿ, ಕಾಲಾಗಿ, ಇಬ್ಬರೂ ಎದುರುಬದುರು ಹತ್ತಿರವಾದಾಗ ಇಸ್ತ್ರಿಯವಳೇ ತಗ್ಗಿದ ದನಿಯಲ್ಲಿ ಹೇಳಿದಳು, “ಸೇರುವಾಗ ಕೊಟ್ಟ ನಂಬರು ಮನೆಯವರ ಹತ್ತಿರ ಇದೆ. ಫೋನು ಅಲ್ಲೇ ಬಿಟ್ಟು ಬಂದುಬಿಟ್ಟೆ. ಈಗ ಅಕ್ಕನ ಮನೇಲಿದ್ದೀನಿ. ನಾನು ಯಾವ ಹೊತ್ತಿಗೆ ಇಲ್ಲಿಂದ ಹೊರಡ್ತೀನಿ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದು.”

ಹಬೆಗೆ ತೋಳು ಮೇಲಕ್ಕೆ ಮಡಚಿಕೊಂಡಿದ್ದಳು. ಮೊಣಕೈಯ ಮೇಲೆ ಹಳೆಯ ಗಾಯದ ಗುರುತಿತ್ತು; ಇಸ್ತ್ರಿ ಪೆಟ್ಟಿಗೆಯಿಂದ ಆದದ್ದಲ್ಲ. ಫೋನಕ್ಕ ಮತ್ತೇನೂ ಕೇಳಲಿಲ್ಲ. ಆ ನಂಬರನ್ನೇ ತೆಗೆಸುತ್ತೇನೆ ಎಂದು ಮಾತು ಕೊಟ್ಟಳು. ಮೇಲೆ ಬಂದು ಕಾಗದಗಳನ್ನು ಒಪ್ಪಿಸಲು ಹೋದರೆ ಮ್ಯಾನೇಜರ್ ಹೊರಗಿನ ಕೆಲಸಕ್ಕೆ ಹೋಗಿದ್ದರು. ನಾಳೆ ಕೊಟ್ಟರಾಯಿತು ಎಂದು ಬೀರುವಿಗೆ ಬೀಗ ಹಾಕಿ ಮನೆಗೆ ನಡೆದಳು.

ಮರುದಿನವಿಡೀ ಬೋರ್ಡು ಉಸಿರಾಡಲು ಬಿಡಲಿಲ್ಲ; ಕಾಗದಗಳು ಬೀರುವಿನಲ್ಲೇ ಉಳಿದವು. ಸಂಜೆ, ಬಟ್ಟೆ ವಿಭಾಗದವರು ಕೆಲಸ ಮುಗಿಸುವ ಹೊತ್ತಿಗೆ, ಗೇಟಿನ ಕಾವಲುಗಾರ ಒಳಗಿನ ಲೈನಿನಲ್ಲಿ ಕರೆದ. ಇಸ್ತ್ರಿ ಮಾಡುವವಳ ಗಂಡ ಬಂದಿದ್ದಾನೆ, ಕರೆದುಕೊಂಡು ಹೋಗುತ್ತಾನಂತೆ, ಒಳಗೆ ಬಿಡಲೋ ಎಂದು ಕೇಳಿದ. ಇವತ್ತು ಪಾಳಿ ಬದಲಾಗಿ ಈ ಹೊತ್ತಿಗೆ ಬಿಡುತ್ತದೆ ಎಂದು ಆಸ್ಪತ್ರೆಯವರೇ ಮೆಸೇಜ್ ಕಳಿಸಿದ್ದಾರಂತೆ.

ಒಳಗೆ ಬಿಡಬೇಡ, ಕೂರಿಸು, ನಾನೇ ಬರುತ್ತೇನೆ ಎಂದು ಹೇಳಿ ಫೋನಕ್ಕ ನೆಲಮಾಳಿಗೆಗೆ ಫೋನ್ ಮಾಡಿದಳು. ಇಷ್ಟು ವರ್ಷ ಬಾಯಿಗೆ ತಾನಾಗಿ ಬರುತ್ತಿದ್ದ ‘ಗಾಬರಿ ಆಗಬೇಡಿ’ ಆ ದಿನ ಬರಲಿಲ್ಲ.

“ತಂಗಿ, ಅವನು ಗೇಟಿನ ಹತ್ತಿರ ಇದ್ದಾನೆ. ಮುಂದಿನ ಬಾಗಿಲಿಗೆ ಬರಬೇಡ. ಮಾವ ಬರ್ತಾರೆ, ಅವರ ಜೊತೆ ಹೋಗು.”

ಆ ಕಡೆ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ಫೋನ್ ಇಟ್ಟ ಸದ್ದು. ಫೋನಕ್ಕ ವಿಷಯ ಹೇಳಿದ್ದೇ, ಪಾಳಿ ಮುಗಿಸಿ ಚಹಾ ಕುಡಿಯುತ್ತಿದ್ದ ಮಾವ ಲೋಟ ಅಲ್ಲೇ ಬಿಟ್ಟು ಕೆಳಗಿಳಿದ. ತನ್ನ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಂಡು, ಕಸದ ಗಾಡಿಗಳು ಬರುವ ಹಿಂದಿನ ದಾರಿಯಿಂದ ಹೊರಟುಹೋದ.

ಫೋನಕ್ಕ ಗೇಟಿಗೆ ಬಂದಳು. ಅವಳು ಅಂದುಕೊಂಡ ಹಾಗಲ್ಲ, ಅವನು ಕೂಗಾಡುವವನಾಗಿರಲಿಲ್ಲ. ತಲೆ ಬಾಚಿಕೊಂಡು, ಶುಭ್ರವಾದ ಅಂಗಿ ತೊಟ್ಟು, ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಮೆಸೇಜ್ ಕಾಣುವಂತೆ ಮೊಬೈಲನ್ನು ಮುಂದೆ ಹಿಡಿದ.

“ಅದು ತಪ್ಪಾಗಿ ಬಂದಿದ್ದು. ನಿಮಗೆ ಕಳಿಸಿದ್ದಲ್ಲ” ಎಂದಳು ಫೋನಕ್ಕ.

“ನನ್ನ ಕೈಲಿರೋ ಫೋನಿಗೆ ಬಂದಿದೆ. ನನಗಲ್ಲದೆ ಇನ್ಯಾರಿಗೆ?” ಎಂದು ಮೆಲ್ಲಗೆ ಕೇಳಿದ.

“ಅವಳು ಇವತ್ತು ಇಲ್ಲ” ಎಂದಷ್ಟೇ ಹೇಳಿ, ಫೋನಕ್ಕ ಕದಲದೆ ನಿಂತಳು. ಅವನು ಬೀದಿದೀಪ ಹೊತ್ತುವವರೆಗೂ ಕಾದು, ನಾಳೆ ಬರುತ್ತೇನೆ ಎಂದು ನಗುತ್ತಲೇ ಹೇಳಿ ಹೋದ. ನಾಳೆಯೂ ಅವನನ್ನು ಒಳಗೆ ಬಿಡಬೇಡ ಎಂದು ಫೋನಕ್ಕ ಕಾವಲುಗಾರನಿಗೆ ಹೇಳಿದಳು.

ಅಲ್ಲಿಂದ ನೇರ ಮ್ಯಾನೇಜರ್ ಕೋಣೆಗೆ ಹೋದಳು. ವಿಷಯ ತಿಳಿದಾಗ ಅವರು ಮೊದಲು ಸಮಜಾಯಿಷಿ ಹೇಳಿದರು. ಮೆಸೇಜ್ ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡಲು ಹಿಂದಿನ ಸಂಜೆ ಹೊರಗಿನಿಂದ ಬಂದ ಮೇಲೆ ಬಟ್ಟೆ ವಿಭಾಗದ ಪಾಳಿ ಬದಲಾವಣೆಯನ್ನು ಕಳಿಸಿ ನೋಡಿದ್ದರಂತೆ. ಕಂಪ್ಯೂಟರಿನಲ್ಲಿ ಹಳೆಯ ನಂಬರುಗಳು ಇದ್ದವಲ್ಲ, ಅವಕ್ಕೇ. ಅದನ್ನು ಅಲ್ಲಿಯವರಿಗೆ ಅವರ ಮೇಸ್ತ್ರಿ ಬಾಯಲ್ಲೂ ಹೇಳಿದ್ದ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಎಲ್ಲರೂ ಹೇಗೂ ಒಪ್ಪುತ್ತಾರೆ ಅಂದುಕೊಂಡೆ ಎಂದರು.

ಫೋನಕ್ಕ ಕಾಗದಗಳನ್ನು ಮೇಜಿನ ಮೇಲಿಟ್ಟಳು. “ಸರ್, ಕೇಳ್ಕೊಂಡು ಬಾ ಅಂತ ನೀವೇ ನನ್ನ ಕಳಿಸಿದ್ರಿ. ಅವಳು ಬೇಡ ಅಂದಳು. ಆ ಮಾತು ನಿಮಗೆ ಮುಟ್ಟೋದಕ್ಕೆ ಮುಂಚೆ ನಿಮ್ಮ ಮೆಸೇಜ್ ಅವನಿಗೆ ಮುಟ್ಟಿತ್ತು. ಹಾಗಾದರೆ ನಾನು ಕೇಳಿದ್ದು ಯಾಕೆ?”

ಮ್ಯಾನೇಜರ್ ಕಾಗದಗಳನ್ನು ತಿರುವಿ ಆ ಹೆಸರಿನ ಹಾಳೆ ಹುಡುಕಿ ತೆಗೆದರು. ಕೊನೆಗೆ, ಆಕೆಗೆ ಏನೂ ಆಗಿಲ್ಲ ತಾನೆ ಎಂದು ಕೇಳಿದರು. ಇವತ್ತು ಆಗಿಲ್ಲ ಎಂದಳು ಫೋನಕ್ಕ.

ಇಸ್ತ್ರಿಯವಳು ಮತ್ತೆ ಆ ನೆಲಮಾಳಿಗೆಗೆ ಕೆಲಸಕ್ಕೆ ಬರಲಿಲ್ಲ. ಅವಳ ಗಂಡ ಕೆಲವು ಸಂಜೆ ಗೇಟಿನೆದುರು ಬಂದು ನಿಂತ. ಮ್ಯಾನೇಜರ್ ಪೊಲೀಸರಿಗೆ ತಿಳಿಸಿದ ಮೇಲೆ ಕಾಣಿಸಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಮಾವನ ಕೈಯಲ್ಲಿ ಹೇಳಿ ಕಳಿಸಿ, ಬರಬಹುದೆಂಬ ಒಪ್ಪಿಗೆ ಬಂದ ಮೇಲೆ ಫೋನಕ್ಕನ ಜೊತೆ ಇಸ್ತ್ರಿಯವಳ ಅಕ್ಕನ ಮನೆಗೆ ಹೋದರು. ಬಾಗಿಲಲ್ಲೇ ನಿಂತು ತಪ್ಪಾಯಿತೆಂದರು. ಊರಿನ ಇನ್ನೊಂದು ಕೊನೆಯಲ್ಲಿದ್ದ ಶಾಖೆಯಲ್ಲಿ ಅದೇ ಕೆಲಸ ಕೊಡುತ್ತೇವೆ ಎಂದರು. ಅವಳು ಒಪ್ಪಿದಳು, ಆದರೆ ಕ್ಷಮಿಸಿದೆ ಎಂದು ಹೇಳಲಿಲ್ಲ. ಹೊರಡುವಾಗ ಫೋನಕ್ಕನಿಗೆ ಮಾತ್ರ ಹೇಳಿದಳು:

“ಹೊರಡೋ ಹೊತ್ತು ಅವರಿಗೆ ಗೊತ್ತಿಲ್ಲ ಅಂತ ಇಷ್ಟು ದಿನ ನಿದ್ದೆ ಚೆನ್ನಾಗಿ ಬರ್ತಿತ್ತು ಅಕ್ಕ. ಈಗ ಮತ್ತೆ ಮೊದಲಿಂದ ಕಲೀಬೇಕು.”

ಹಳೆಯ ನಂಬರುಗಳನ್ನೆಲ್ಲ ಅಳಿಸಿದರು. ಫೋನಕ್ಕ ಮತ್ತೆ ಮೊದಲಿನಿಂದ ವಿಭಾಗಗಳನ್ನು ಸುತ್ತಿದಳು. ಈ ಸಲ ಯಾರನ್ನೂ ಗುಂಪಿನಲ್ಲಿ ಕೇಳಲಿಲ್ಲ. ಒಬ್ಬೊಬ್ಬರನ್ನೇ ತನ್ನ ಕಿರುಕೋಣೆಗೆ ಕರೆದು, ಬಾಗಿಲು ಮುಚ್ಚಿ, ಯಾವ ನಂಬರಿಗೆ ಕಳಿಸೋಣ, ಆ ಫೋನು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದಳು. ಹಿಂದೆ ಕಣ್ಣುಮುಚ್ಚಿ ಸಹಿ ಹಾಕಿದ್ದವರೂ ಆ ಪ್ರಶ್ನೆಗೆ ತಡವರಿಸಿದರು. ಒಬ್ಬ ನರ್ಸ್ ಬೇರೆ ನಂಬರು ಬರೆಸಿದಳು. ಯಾವಾಗಲೂ ನಗಿಸುತ್ತಿದ್ದ ಆ ಬಾಣಸಿಗ, ಕುಡಿಯುವ ಮಗ ತನ್ನ ಫೋನು ಕಿತ್ತುಕೊಂಡು ಹೋಗುತ್ತಾನೆಂದು ಹೇಳಿ ಕಣ್ಣೊರೆಸಿಕೊಂಡ. ಅಲ್ಲಿ ಕೇಳಿಸಿಕೊಂಡದ್ದನ್ನು ಫೋನಕ್ಕ ಯಾರ ಮುಂದೆಯೂ ಬಾಯಿಬಿಡಲಿಲ್ಲ, ತಮ್ಮನ ಮನೆಯಲ್ಲೂ.

ಮೆಸೇಜುಗಳು ಶುರುವಾದವು, ಚೆನ್ನಾಗಿಯೇ ನಡೆದವು. ತಮ್ಮನ ಹೆಂಡತಿ ಅಂದದ್ದೂ ಸುಳ್ಳಾಗಲಿಲ್ಲ. ಬೋರ್ಡಿನ ಕೆಲಸ ಅರ್ಧಕ್ಕಿಳಿದು, ಫೋನಕ್ಕನನ್ನು ಬೆಳಗಿನ ಹೊತ್ತಿಗೆ ಮಾತ್ರ ಉಳಿಸಿಕೊಂಡರು. ಅದಕ್ಕೆ ಅವಳು ಬೇಸರಪಟ್ಟುಕೊಂಡದ್ದು ಉಂಟು, ಜಗಳವಾಡಲಿಲ್ಲ. ಇಸ್ತ್ರಿಯವಳು ಆ ಶಾಖೆಯಲ್ಲಿ ಕೆಲಸ ಮಾಡಿಕೊಂಡಿದ್ದಾಳೆ, ಅಕ್ಕನ ಮನೆಯ ಹತ್ತಿರವೇ ಬೇರೆ ಕೋಣೆ ಹಿಡಿದಿದ್ದಾಳೆ ಎಂದು ಒಮ್ಮೆ ಮಾವ ಬಂದು ಹೇಳಿದ. ಹೊಸ ನಂಬರೂ ಇದೆ, ಬೇಕಾ ಎಂದು ಕೇಳಿದ.

“ಬೇಡ ಮಾವ. ಅವಳು ಕೊಡು ಅಂದಿಲ್ಲವಲ್ಲ” ಎಂದಳು ಫೋನಕ್ಕ.