ಎಡೆಗೆ ಮುಂಚೆ ತೆಗೆದಿಟ್ಟ ಪಾಲು

ಮೊನ್ನೆ ಬೆಳಗ್ಗೆ ಚಟ್ನಿಪುಡಿಗೆಂದು ಹುಚ್ಚೆಳ್ಳು ಹುರಿಯುತ್ತಿದ್ದೆ. ಬಾಣಲೆಯಲ್ಲಿ ಕಾಳು ಸಿಡಿಯಲು ಶುರುವಾಗಿ ಆ ಒಂಥರಾ ಕಹಿ ಬೆರೆತ ಎಣ್ಣೆಯ ವಾಸನೆ ಎದ್ದದ್ದೇ ತಡ, ಕಿರಂಗೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರು ನೆನಪಾದರು. ಅವರ ಅಡುಗೆಮನೆಯಿಂದ ವಾರಕ್ಕೊಮ್ಮೆಯಾದರೂ ಇದೇ ವಾಸನೆ ಗೋಡೆ ದಾಟಿ ಬರುತ್ತಿತ್ತು...

ಟೀಚರು ಎಂದರೆ ಶಾಲೆಯ ಟೀಚರಲ್ಲ. ವಾರವೆಲ್ಲ ಆಸ್ಪತ್ರೆಯಲ್ಲಿ ಆಯಾ ಕೆಲಸ. ಭಾನುವಾರ ಆರಾಧನೆಗೆ ಮುಂಚೆ ನಮ್ಮಂಥ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಸಂಡೇ ಸ್ಕೂಲ್ ನಡೆಸುತ್ತಿದ್ದರು. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಬಿಂಡಿಗನವಿಲೆಯ ಒಕ್ಕಲು ಮನೆಯಲ್ಲಿ. ಆ ಮನೆಯಲ್ಲಿ ಯೇಸುವನ್ನು ನಂಬಿದವರು ಅವರೊಬ್ಬರೇ. ಆ ತರಗತಿಯೊಂದೇ ಅವರ ಸಂಸಾರ ಎಂದು ನನ್ನಮ್ಮ ಹೇಳುತ್ತಿದ್ದರು.

ನನ್ನ ತಮ್ಮ ಹುಟ್ಟುವಾಗ ಅಮ್ಮ ಮೈಸೂರಿನ ಆಸ್ಪತ್ರೆ ಸೇರಿದ್ದರು. ನನ್ನನ್ನು ಟೀಚರ ಹತ್ತಿರ ಬಿಟ್ಟಿದ್ದರು. ಅದೇ ಸಮಯಕ್ಕೆ ಹಿರಿಯರ ಹಬ್ಬ ಬಂತು. ತೀರಿಹೋದವರಿಗೆ ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಮಾಡಿ ಎಡೆ ಇಡುವ ಹಬ್ಬ ಅದು. ಟೀಚರ ತಾಯಿ ಪ್ರತಿ ವರ್ಷವೂ ಮಗಳಿಗೆ ಹೇಳಿಕಳಿಸುತ್ತಿದ್ದರು. ಆ ವರ್ಷ ನಾನೂ ಅವರ ಸೆರಗು ಹಿಡಿದು ಹೊರಟೆ. ಪಾಂಡವಪುರದವರೆಗೆ ನಿಂತುಕೊಂಡೇ ಹೋದೆವು, ಆಮೇಲೆ ದೇವರ ದಯೆಯಿಂದ ಸೀಟು ಸಿಕ್ಕಿತು. ನಾಗಮಂಗಲದಲ್ಲಿ ಬಸ್ಸು ಬದಲಿಸಿದೆವು.

ಜಗಲಿಯ ಮೇಲೆ ಕೂತಿದ್ದ ಆ ಅಜ್ಜಿ ಮಗಳನ್ನು ಕಂಡವರೇ, "ಬಂದ್ಯವ್ವಾ? ನಿಮ್ ಏಸಪ್ಪ ರಜಾ ಕೊಟ್ನಾ?" ಎಂದರು.

"ಅವ್ನೇ ಓಗು ಅಂದ ಕಣವ್ವ," ಅಂದರು ಟೀಚರು.

"ಅಂಗಾರೆ ಒಳ್ಳೆಯವ್ನೇ ಬುಡು."

ಒಳಗೆ ಕಜ್ಜಾಯ ಬೇಯುತ್ತಿತ್ತು. ಟೀಚರು ಸೆರಗು ಸಿಕ್ಕಿಸಿಕೊಂಡು ಒಳಕಲ್ಲಿನ ಮುಂದೆ ಕೂತು ಮಸಾಲೆ ರುಬ್ಬಿದರು, ನೀರು ಸೇದಿ ಹಾಕಿದರು, ತಾಯಿಯ ಕಾಲಿಗೆ ಎಣ್ಣೆ ತಿಕ್ಕಿದರು. ನನಗೋ ಹಸಿವು. ಆದರೆ ಎಡೆ ಇಟ್ಟು ಪೂಜೆ ಆಗುವ ತನಕ ಯಾರೂ ಬಾಯಿಗೆ ಹಾಕುವಂತಿಲ್ಲ. ಅದು ಅಲ್ಲಿನ ಕಟ್ಟುಪಾಡು. ಅಂಥದ್ದರಲ್ಲಿ ಅಜ್ಜಿ ಎದ್ದು ಬಂದು, ಬಾಣಲೆಯಿಂದ ಇಳಿದ ಮೊದಲ ಕಜ್ಜಾಯಗಳನ್ನೇ ಒಂದು ಡಬ್ಬಿಗೆ ತುಂಬಿದರು.

ಸೊಸೆ ಗಾಬರಿಯಾದಳು. "ಅದ್ಯಾಕತ್ತೆ, ಇನ್ನೂ ಎಡೆನೇ ಇಕ್ಕಿಲ್ಲ?"

"ಇದು ನನ್ ಮಗಳ ಪಾಲು. ಎಡೆಗಿಕ್ಕಿದ್ದ ಇವ್ಳು ತಿನ್ನಾಕಿಲ್ಲ. ಅದ್ಕೇ ಮೊದ್ಲೇ ತೆಗೀತಿವ್ನಿ."

"ಸತ್ತೋರಿಗಿಂತ ಮುಂಚೇನಾ?"

"ಸತ್ತೋರು ಕಾಯ್ತಾರೆ ಕಣಮ್ಮಿ. ಇವ್ಳಿಗೆ ಬಸ್ಸದೆ."

ಪೂಜೆಯ ಹೊತ್ತಿಗೆ ಟೀಚರು ನನ್ನ ಕೈ ಹಿಡಿದು ಜಗಲಿಗೆ ಬಂದು ಕೂತರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವರು ಅತ್ತ ನೋಡದೆ ತುಟಿ ಅಲ್ಲಾಡಿಸುತ್ತ ಪ್ರಾರ್ಥನೆ ಮಾಡುತ್ತಿದ್ದರು. ಕಣ್ಣಲ್ಲಿ ನೀರಿತ್ತು... ಅದು ಏಕೆಂದು ಕೇಳುವ ವಯಸ್ಸು ನನ್ನದಲ್ಲ.

ಭಾನುವಾರ ಅವರು ಆ ಡಬ್ಬಿಯನ್ನು ತರಗತಿಗೆ ತಂದು ನಮಗೆಲ್ಲ ಹಂಚಿದರು. ಸಂಜೆಯೊಳಗೆ ಮಾತು ಮನೆಮನೆ ಸುತ್ತಿತು. ನಮ್ಮ ಚರ್ಚಿನ ಸಭೆಯ ಸೆಕ್ರೆಟರಿ ಟೀಚರ ಮನೆ ಬಾಗಿಲಿಗೇ ಬಂದರು. ನಾನು ಅಲ್ಲೇ ಊಟ ಮಾಡುತ್ತಿದ್ದೆ.

"ಎಡೆ ಪದಾರ್ಥನ ಮಕ್ಕಳಿಗೆ ಕೊಟ್ರಂತಲ್ಲಮ್ಮ?"

ಟೀಚರು ನಡೆದದ್ದನ್ನು ನಡೆದಂತೆ ಹೇಳಿದರು. ಸೆಕ್ರೆಟರಿ ತಲೆ ಕೊಡವಿದರು. "ನೋಡೋರಿಗೆ ಅದೆಲ್ಲ ಗೊತ್ತಾಗುತ್ತಾ? ಇನ್ಮೇಲೆ ಆ ಹಬ್ಬಕ್ಕೆ ಹೋಗ್ಬೇಡಿ. ಹೋಗ್ತೀನಿ ಅಂದ್ರೆ ಕ್ಲಾಸು ಬೇರೆಯವರು ನೋಡ್ಕೋತಾರೆ."

"ಕೈ ಮುಗಿ ಅಂದ್ರೆ ಮುಗಿಯಲ್ಲ ಅಣ್ಣ. ನಮ್ಮವ್ವನೂ ಮುಗಿ ಅಂದಿಲ್ಲ. ಬಾ ಅಂದವ್ರೆ, ಅಷ್ಟೇಯ," ಅಂದರು ಟೀಚರು. "ತಂದೆತಾಯಿಗೆ ಮರ್ಯಾದೆ ಕೊಡು ಅಂತ ದೇವ್ರು ಅಪ್ಪಣೆ ಕೊಟ್ಟಾಗ, ಅವ್ರು ಯಾವ ಗುಡಿಗೆ ಹೋಗ್ತಾರೆ ಅಂತ ಕೇಳಿದ್ನಾ?"

"ವಾದ ಬೇಡಮ್ಮ," ಎಂದು ಅವರು ಹೊರಟೇ ಹೋದರು.

ಮರುವರ್ಷ ಹಬ್ಬ ಹತ್ತಿರ ಬಂದಂತೆ ಇಡೀ ಸಭೆ ಟೀಚರ ಬಾಗಿಲ ಮೇಲೆಯೇ ಕಣ್ಣಿಟ್ಟಿತ್ತು. ಅಮ್ಮ ಹೋಗಿ, "ಒಂದು ವರ್ಷ ತಪ್ಪಿಸಿ ಟೀಚರ್, ಆಮೇಲೆ ಎಲ್ಲ ತಣ್ಣಗಾಗುತ್ತೆ," ಎಂದು ಬೇಡಿಕೊಂಡರು. ಅವರು ನಕ್ಕರು. ಹಬ್ಬದ ದಿನ ಬೆಳಗ್ಗೆ ಎಲ್ಲರ ಕಣ್ಣೆದುರೇ ಬಸ್ಸು ಹತ್ತಿದರು. ಮುಂದಿನ ಭಾನುವಾರ ನಮ್ಮ ಚಾಪೆಯ ಮುಂದೆ ಬೇರೊಬ್ಬರು ಕೂತಿದ್ದರು. ಟೀಚರು ಹೆಂಗಸರ ಸಾಲಿನಲ್ಲಿ ಕಟ್ಟಕಡೆಗೆ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಸಾಯುವ ತನಕವೂ ಅದೇ ಜಾಗ. ಅವರಿಗೆ ಮತ್ತೆ ತರಗತಿ ಕೊಡಲಿಲ್ಲ. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕ್ಷಮಿಸಬೇಕು ಎಂದು ಗೊತ್ತು. ಕ್ಷಮಿಸುತ್ತೇನೆ, ಮರುದಿನ ಮತ್ತೆ ಉರಿಯುತ್ತದೆ.

ಈಗ ನೋಡಿ. ನನ್ನ ಗಂಡ ಮದುವೆಗೆ ಮುಂಚೆ ಯೇಸುವಿನ ವಿಶ್ವಾಸಕ್ಕೆ ಬಂದವರು. ಅವರ ತಾಯಿ ಹೊಸಹೊಳಲಿನಲ್ಲಿ ನನ್ನ ಮೈದುನನ ಜೊತೆ, ತಮ್ಮ ಹಿಂದಿನ ಪದ್ಧತಿಯಲ್ಲೇ ಇದ್ದಾರೆ. ಈ ವರ್ಷ ಮೊಮ್ಮಗಳನ್ನು ನೋಡಬೇಕು, ಹಬ್ಬಕ್ಕೆ ಕರೆದುಕೊಂಡು ಬನ್ನಿ ಎಂದು ಫೋನು ಮಾಡಿಸಿದ್ದರು. ಕಾಲೇಜು ಓದುವ ನನ್ನ ಮಗಳಿಗೆ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ವಹಿಸಿದ್ದಾರೆ. ಮಕ್ಕಳು ತಂದೆತಾಯಿಯ ಮಾತು ಏಕೆ ಕೇಳಬೇಕು ಎಂಬ ಪಾಠಕ್ಕೆ ಚಾರ್ಟು ಬರೆಯುತ್ತ ಕೂತಿದ್ದಳು. ಅವರಪ್ಪ ಸ್ಕೂಟರು ಒರೆಸಿ ಬಂದು, "ಹೊರಡವ್ವ," ಎಂದರು.

"ನಾನು ಬರಲ್ಲ ಅಪ್ಪಾಜಿ. ಆ ಮನೇಲಿ ಎಡೆ ಇಡ್ತಾರೆ."

"ನಿನ್ನ ಎಡೆಗೆ ಕರೀತಿಲ್ಲ ಕಣೇ, ನಿಮ್ಮಜ್ಜಿ ನೋಡೋಕೆ ಕರೀತಾವ್ರೆ," ಎಂದೆ ನಾನು.

"ಎರಡೂ ಒಂದೇ ಅಮ್ಮ. ನಿಮಗೆ ಗೊತ್ತಾಗಲ್ಲ." ಅವಳು ಚಾರ್ಟಿನಿಂದ ತಲೆ ಎತ್ತಲಿಲ್ಲ.

ನನ್ನ ಗಂಡ, "ಬುಡು, ಬಲವಂತ ಬೇಡ," ಎಂದು ಹೊರಗೆ ಹೋದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ತಾಯಿ ಕರೆದಳೆಂದು ಹೋದವರ ಕೈಯಿಂದ ತರಗತಿ ಕಿತ್ತುಕೊಂಡರು, ಅಪ್ಪ ಕರೆದರೂ ಏಳದವಳ ಕೈಗೆ ಕೊಟ್ಟಿದ್ದಾರೆ. ಟೀಚರು ಇದ್ದಿದ್ದರೆ ಅವಳನ್ನು ಎಳೆದುಕೊಂಡು ಹೋಗಿ ಅವರ ಮುಂದೆ ಕೂರಿಸುತ್ತಿದ್ದೆ. ಅವರು ಬೈಯುತ್ತಿರಲಿಲ್ಲ, ಏನಾದರೊಂದು ಕೇಳುತ್ತಿದ್ದರು. ಇವಳಿಗೆ ಉತ್ತರ ಹುಡುಕಬೇಕಾಗುತ್ತಿತ್ತು. ನನ್ನ ಬಾಯಲ್ಲಿ ಬರುವುದು ಬೈಗುಳ ಮಾತ್ರ... ಟೀಚರು ಮಣ್ಣಾಗಿದ್ದಾರೆ. ಹಾಗೆ ಕೇಳಬಲ್ಲವರು ನಮ್ಮ ಸಭೆಯಲ್ಲಿ ಇನ್ನೊಬ್ಬರಿಲ್ಲ.

ನಾವಿಬ್ಬರೇ ಹೋದೆವು. ಅತ್ತೆ ಸ್ಕೂಟರಿನ ಹಿಂದೆ ಇಣುಕಿ ನೋಡಿದರು. "ನನ್ ಕೂಸೆಲ್ಲಿ?"

"ಮಕ್ಕಳಿಗೆ ಪಾಠ ಮಾಡ್ಬೇಕಂತೆ ಅತ್ತೆ," ಎಂದೆ.

"ಅಂಗಾ? ದೊಡ್ಡವ್ಳಾಗ್ಬುಟ್ಳು ಬುಡು," ಎಂದು ಅವರು ಹಿಗ್ಗಿದರು. ಯಾವ ಪಾಠ ಎಂದು ಕೇಳಲಿಲ್ಲ. ಅದೊಂದು ದೇವರ ದಯೆ.