ಪಟ್ಟಿಯ ಕೆಳಗಿನ ಮುಖ

ನನ್ನ ಬಳಿ ಮೂರು ತಗಡಿನ ಟ್ರಂಕುಗಳಿವೆ. ಅವುಗಳಲ್ಲಿ ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಬರೀ ಕಾಗದ. ಸರ್ಕಸ್ಸಿನ ಪೋಸ್ಟರು, ಜಾದೂಗಾರರ ಹ್ಯಾಂಡ್‌ಬಿಲ್ಲು, ನಾಟಕ ಕಂಪನಿಯ ಹಳದಿ ಚೀಟಿ, ತಿರುಗುವ ತೊಟ್ಟಿಲಿನ ಹರಿದ ಟಿಕೇಟು. ಹುಮನಾಬಾದಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ಅವುಗಳದ್ದೇ.

"ಮಂದಿ ಟ್ರಂಕಿನ್ಯಾಗ ಸೀರಿ ಇರ್ತಾವ. ನಮ್ಮ ಟ್ರಂಕಿನ್ಯಾಗ ಆನಿ, ಹುಲಿ, ಜೋಕರ ಅದಾರ. ಅವರಿಗೂ ನಾಕು ರೊಟ್ಟಿ ಬಡೀಲೇನು?" ಎಂದು ನನ್ನ ಹೆಂಡತಿ ಕೇಳುತ್ತಾಳೆ.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಗೋಡೆಗಳಿಗೆ ಪೋಸ್ಟರ್ ಹಚ್ಚಿ ಹೊಟ್ಟೆ ಹೊರೆದೆ. ಈಗ ಆ ಕೆಲಸ ಇಲ್ಲ, ಕಂಬ ಹತ್ತಿ ಫ್ಲೆಕ್ಸ್ ಕಟ್ಟುತ್ತೇನೆ. ಆದರೆ ನಾನು ಹಚ್ಚಿದ ಕಾಗದ ಉದುರಿತು ಎಂದು ಯಾರೂ ಹೇಳಿದ್ದಿಲ್ಲ. ಮೈದಾ ಹಿಟ್ಟನ್ನು ಗಂಟಿಲ್ಲದಂತೆ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ನಾನೇ ಅಂಟು ಮಾಡುತ್ತಿದ್ದೆ. ಅದರ ಹೆಮ್ಮೆ ಇವತ್ತಿಗೂ ಇದೆ. ಆ ಹೆಮ್ಮೆಯೇ ಒಂದು ದಿನ ನನ್ನೆದುರು ಬಂದು ಕೂತಿತು.

ಹೋದ ವರ್ಷ ಒಂದು ಮಧ್ಯಾಹ್ನ ಹಳ್ಳಿಖೇಡದಿಂದ ಒಬ್ಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ನಲವತ್ತರ ಹತ್ತಿರದ ವಯಸ್ಸು, ಹೊಲಿಗೆ ಕೆಲಸದವಳು. ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು, ತೆಗೆದಿಡಲು ಮರೆತು ಬಸ್ಸು ಹತ್ತಿದ್ದಳು.

"ಕಾಕಾ, ನಿಮ್ಮ ಹತ್ರ ಸರ್ಕಸ್ಸಿನ ಹಳೆ ಕಾಗದ ಅದಾವಂತಲ್ಲರಿ. ನಮ್ಮಪ್ಪ ಮೌತ್ ಕಾ ಕುವಾದಾಗ ಗಾಡಿ ಹೊಡೀತಿದ್ದ. ನಾ ಹೊಟ್ಯಾಗ ಇದ್ದಾಗೇ ಬಸವಕಲ್ಯಾಣದಾಗ ಬಿದ್ದು ಸತ್ತ. ಅವನ ಮಾರಿ ನಾ ನೋಡೇ ಇಲ್ಲರಿ."

ಹಲಗೆಯ ಬಾವಿಯ ಗೋಡೆಯ ಮೇಲೆ ಮೋಟರ್‌ಸೈಕಲ್ ಸುತ್ತಿಸುವ ಆಟ ಅದು. ಅವನು ಸತ್ತ ಮೇಲೆ ಸರ್ಕಸ್ಸು ಮುಂದಿನ ಊರಿಗೆ ಹೋಯಿತು, ಫೋಟೋಗಳೂ ಅದರ ಜೊತೆಗೇ ಹೋದವು. ಬಸುರಿ ಹೆಂಡತಿ ಇಲ್ಲೇ ಉಳಿದು ಕಬ್ಬು ಕಡಿದು ಮಗಳನ್ನು ಬೆಳೆಸಿದಳು. ಆ ತಾಯಿಯೂ ತೀರಿಕೊಂಡು ಮೂರು ತಿಂಗಳಾಗಿತ್ತು.

ನಾನು ಮೂರೂ ಟ್ರಂಕು ಬಿಚ್ಚಿದೆ. ಆ ಸರ್ಕಸ್ಸಿನ ಆನೆ ಸಿಕ್ಕಿತು, ಸೈಕಲ್ ಮೇಲಿನ ಕರಡಿ ಸಿಕ್ಕಿತು. ಅವನು ಸಿಗಲಿಲ್ಲ. ಸಿಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಯಾಕೆಂದು ಅವಳಿಗೆ ಹೇಳಲಿಲ್ಲ.

"ನೋಡತೀನಿ, ಯವ್ವಾ. ಒಂದು ಗ್ವಾಡಿ ಅದ," ಎಂದೆ ಅಷ್ಟೇ.

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಗೋದಾಮಿದೆ. ಅದರ ಗೋಡೆಗೆ ಅವನ ಪೋಸ್ಟರನ್ನು ನಾನೇ ಹಚ್ಚಿದ್ದೆ. ಆಗ ನನಗೆ ಇಪ್ಪತ್ತೆರಡು, ಅವನಿಗೂ ಹೆಚ್ಚುಕಡಿಮೆ ಅಷ್ಟೇ. ಅವನು ಚಹಾ ಕುಡಿಯುತ್ತ ನನ್ನ ಹಿಂದೆ ನಿಂತು ಚೇಷ್ಟೆ ಮಾಡುತ್ತಿದ್ದ.

"ಭಾಯ್, ಬ್ರಷ್ ಸರಿಯಾಗಿ ಎಳಿ. ನನ್ನ ಮಾರಿಗಿ ಸುಕ್ಕು ಬರಬಾರದು. ನಾ ಇನ್ನಾ ಮುದುಕ ಆಗಿಲ್ಲ!"

ಒಂದು ಸುಕ್ಕೂ ಇಲ್ಲದಂತೆ ಎಳೆದೆ. ನಾಲ್ಕನೆಯ ದಿನದ ಆಟದಲ್ಲಿ ಅವನು ಬಿದ್ದ. ಮರುದಿನ ಮುಂಜಾನೆ ಸರ್ಕಸ್ಸಿನ ಮ್ಯಾನೇಜರ ಉದ್ದನೆಯ ಕಾಗದದ ಪಟ್ಟಿಗಳ ಒಂದು ಕಟ್ಟು ಕೈಗಿಟ್ಟ. 'ಇಂದೂ ಆಟ ಇದೆ' ಎಂದು ಕೆಂಪು ಅಕ್ಷರ. ಅಂಥ ಪಟ್ಟಿಯನ್ನು ಯಾವಾಗಲೂ ಪೋಸ್ಟರಿನ ಕೆಳಗಿನ ಖಾಲಿ ಜಾಗದಲ್ಲಿ ಹಚ್ಚುವುದು ರೂಢಿ. "ಕೆಳಗ ಬ್ಯಾಡ, ಅವನ ಮಾರಿ ಮ್ಯಾಲ ಹಚ್ಚು. ಸತ್ತವನ ಮಾರಿ ಕಂಡ್ರ ಮಂದಿ ಒಳಗ ಬರಂಗಿಲ್ಲ," ಎಂದ. ಅಂಟಿನ ಡಬ್ಬಿ ಎತ್ತಿಕೊಂಡು ಹೊರಟೆ. ಊರಿನ ಎಲ್ಲ ಗೋಡೆಗೂ ಹಚ್ಚಿದೆ. ಯಾರೂ ಕಿತ್ತು ನೋಡಬಾರದೆಂದು ಎರಡು ಸಲ ಅಂಟು ಬಳಿದೆ. ಪಟ್ಟಿಯ ಕಾಗದ ತೆಳು, ಒದ್ದೆ ಇರುವತನಕ ಅದರ ಕೆಳಗಿಂದ ಅವನ ಕಣ್ಣು ಕಾಣುತ್ತಿದ್ದವು. ಒಣಗುವತನಕ ಎದುರು ನಿಲ್ಲಲಾಗದೆ ಪ್ರತಿ ಗೋಡೆಯಿಂದಲೂ ಬೇಗ ಬೇಗ ಹೆಜ್ಜೆ ಹಾಕಿದೆ. ಆ ಕಣ್ಣುಗಳು ಇಷ್ಟು ವರ್ಷ ನನ್ನ ಬೆನ್ನಿಗೇ ಇವೆ. ನಾನು ಕಾಗದ ಕೂಡಿಡತೊಡಗಿದ್ದೂ ಆಮೇಲೆಯೇ.

ಗೋದಾಮನ್ನು ಕೆಡವುವ ಮಾತು ನಡೆದಿತ್ತು. ಮಾಲೀಕರನ್ನು ಕೇಳಿ ಛಜ್ಜಾದ ಕೆಳಗೆ, ಮಳೆ ತಾಗದ ಕಡೆ ಕೈಯಾಡಿಸಿದೆ. ಕಾಗದದ ಮೇಲೆ ಕಾಗದ, ರೊಟ್ಟಿಯ ಅಡುಕಿನಷ್ಟು ದಪ್ಪ. ಸುಣ್ಣದ ಗಾರೆಯ ಸಮೇತ ಚಾಣದಿಂದ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದೆ.

"ಏನ್ರಿ, ಗ್ವಾಡಿನೇ ಕಿತ್ಕೊಂಡು ಹೊಂಟೀರಲ್ಲಾ?" ಎಂದ ಕಂಡಕ್ಟರ.

"ಹೌದ್ರಿ. ಒಬ್ಬರು ಒಳಗ ಅದಾರ," ಎಂದುಬಿಟ್ಟೆ. ಅವನು ನಗಲಿಲ್ಲ, ನಾನೂ ನಗಲಿಲ್ಲ.

ಐದು ದಿನ ನೀರು ಚಿಮುಕಿಸಿ ಒಂದೊಂದೇ ಪದರ ಬಿಡಿಸಿದೆ. ಬೀಜದ ಜಾಹೀರಾತು ಬಂತು, ಚುನಾವಣೆಯ ಕಾಗದ ಬಂತು, ಒಂದು ನಾಟಕದ ರಾಜನ ಕಿರೀಟ ಬಂತು. ಆರನೆಯ ದಿನ ಕೆಂಪು ಅಕ್ಷರ ಕಂಡವು. ಅವಳಿಗೆ ಫೋನು ಮಾಡಿಸಿದೆ.

ಅವಳು ಬಂದು ಮೇಜಿನ ಬದಿಗೆ ನಿಂತಳು. ನಾನು ಪಟ್ಟಿಯ ಮೂಲೆಗೆ ಬ್ಲೇಡು ಹಾಕಿದೆ. ಮೂಲೆ ಎದ್ದಿತು, ಜೊತೆಗೆ ಕೆಳಗಿನ ಹೆಲ್ಮೆಟ್ಟಿನ ಬಣ್ಣವೂ ಎದ್ದುಬಂತು. ನಿಲ್ಲಿಸಿದೆ. ಇನ್ನೊಂದು ಮೂಲೆಯಲ್ಲೂ ಹಾಗೇ ಆಯಿತು. ಪಟ್ಟಿ ಕಿತ್ತರೆ ಮುಖವೂ ಕಿತ್ತು ಬರುತ್ತದೆ.

"ಯಾಂವ ಹಚ್ಚ್ಯಾನೋ ಏನೋ, ಇಷ್ಟು ಗಟ್ಟಿ!" ಎಂದಳು ಅವಳು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳಿಗೆ ಎಲ್ಲ ಗೊತ್ತಿತ್ತು.

"ನಾನೇ ಹಚ್ಚೀನಿ, ಯವ್ವಾ. ಅವ ಸತ್ತ ಮರುದಿನ. ಎರಡು ಸಲ ಅಂಟು ಬಳದೀನಿ."

ಆ ಮಗಳು ನನ್ನನ್ನು ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಕಾಕಾ, ಅವ ನಿಮ್ಮ ಕೂಡ ಮಾತಾಡ್ತಿದ್ದನೇನ್ರಿ?"

ಸುಕ್ಕಿನ ಮಾತು ಹೇಳಿದೆ. ಅವನ ದನಿ ಕೊಂಚ ಒಡಕು, ನಗುವಾಗ ಗಂಟಲು ಕಟ್ಟುತ್ತಿತ್ತು ಎಂದೂ ಹೇಳಿದೆ. ಆಮೇಲೆ ಬ್ಲೇಡು ಪಕ್ಕಕ್ಕಿಟ್ಟೆ. ತೆಳು ಮಲ್ಲಿನ ಬಟ್ಟೆಯನ್ನು ನೀರಿಗೆ ಅದ್ದಿ ಪಟ್ಟಿಯ ಮೇಲೆ ಹಾಸಿ, ಅಂಗೈಯಿಂದ ಒತ್ತಿ ಬಟ್ಟೆ ತೆಗೆದೆ.

ಒದ್ದೆಯಾದ ಕೆಂಪು ಅಕ್ಷರಗಳ ಕೆಳಗಿಂದ ಅವನು ಮೇಲೆದ್ದ. ಮೊದಲು ಕಣ್ಣು, ಆಮೇಲೆ ಮೀಸೆ, ಆಮೇಲೆ ಆ ಚೇಷ್ಟೆಯ ಬಾಯಿ. ಅವಳ ಬಾಯಿಯೂ ಅದೇ ಎಂದು ನನಗೆ ಆಗ ಹೊಳೆಯಿತು.

ಅವಳು ಬಗ್ಗಿ ನೋಡಿದಳು. "ನನಗಿಂತ ಸಣ್ಣಾಂವ ಅದಾನಲ್ಲರಿ," ಎಂದಳು.

ಕಿಟಕಿಯ ಬಿಸಿಲಿಗೆ ಕಾಗದ ಒಣಗತೊಡಗಿತು. ಒಣಗುತ್ತ ಮುಖ ಮಸುಕಾಯಿತು. ನಾನು ಬ್ಲೇಡಿನಿಂದ ಎಬ್ಬಿಸಿದ್ದ ಮೂಲೆಗಳು ಎಳೆದುಕೊಂಡು, ಹಣೆಯ ಮೇಲೆ ಒಂದು ಗೆರೆ ಬಿತ್ತು. ಕಣ್ಣಿನ ಬದಿಗೆ ಇನ್ನೆರಡು. ನನ್ನ ಕೈ ತಾನಾಗಿಯೇ ಬ್ರಷ್ಷಿನ ಕಡೆ ಹೋಯಿತು, ಎಳೆದು ಸರಿಮಾಡಲು.

ಅವಳು ನನ್ನ ಮಣಿಕಟ್ಟು ಹಿಡಿದಳು.

"ಬಿಡ್ರಿ ಕಾಕಾ. ಮುದುಕ ಆಗಲಿ."