ಅಮ್ಮನ ಮೊದಲ ಪ್ರಶ್ನೆ

"ಅಕ್ಕ, ಈ ಸಲ ಐವಿಎಫ್ ಸಕ್ಸೆಸ್ ಆಯ್ತು!" ಕೆನಡಾದಿಂದ ವಿಡಿಯೊ ಕರೆ ಮಾಡಿದ ತಂಗಿ ಅಷ್ಟು ಹೇಳಿ ಅತ್ತೇಬಿಟ್ಟಳು. ಬಹ್ರೇನ್‌ನ ರಿಫಾದಲ್ಲಿರುವ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಮರಿಯಾ ಎಂಬ ಹುಡುಗಿಯನ್ನು ತಂಗಿ ಮದುವೆಯಾದ ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ ಅಮ್ಮ, ಉಡುಪಿಯಿಂದ ಬಂದು ನನ್ನ ಪಕ್ಕದಲ್ಲೇ ಇದ್ದರು. ಎಲ್ಲಿ ಎದ್ದು ಹೋಗುತ್ತಾರೋ ಎಂದು ಹೆದರಿದೆ. ಅವರು ಎಡಗೈಯಲ್ಲಿ ಫೋನ್ ತೆಗೆದುಕೊಂಡರು.

"ಬಸುರಿ ಯಾರು, ನೀನಾ ಅವಳಾ?"

"ಅವಳು, ಅಮ್ಮ."

"ಹಾಗಾದ್ರೆ ಫೋನ್ ಅವಳಿಗೆ ಕೊಡು ಮಾರಾಯ್ತಿ. ವಾಂತಿ ಎಲ್ಲ ಉಂಟಾ ಅಂತ ಕೇಳ್ಬೇಕು."

ಅಮ್ಮನಿಗೆ ಇಂಗ್ಲಿಷ್ ಬಾರದು, ಮರಿಯಾಳಿಗೆ ಕನ್ನಡ ಬಾರದು. ತಂಗಿ ಬಿಕ್ಕುತ್ತಲೇ ಇಬ್ಬರ ಮಾತನ್ನೂ ದಾಟಿಸಿದಳು.

ಈಗ ಅಮ್ಮ ಮನಾಮದಿಂದ ತೆಳು ಹತ್ತಿ ಬಟ್ಟೆ ತರಿಸಿಕೊಂಡು ಕುಲಾವಿ ಹೊಲಿಯುತ್ತಿದ್ದಾರೆ. ಕೆನಡಾದ ಚಳಿಗೆ ಅದು ಸಾಲದು ಎನ್ನಲು ನನಗೆ ಮನಸ್ಸೇ ಬರುತ್ತಿಲ್ಲ.